ಉಣ್ಣೆ ಕಡಿತ ಮತ್ತು ಮಂಗನ ಕಾಯಿಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಭೂಪಟವನ್ನು ಎದುರಿಗಿರಿಸಿಕೊಂಡು ಅವಲೋಕಿಸಿದರೆ ಪಡುವಲಿಗೆ ಅರಬ್ಬೀ ಸಮುದ್ರವೂ ಮೂಡಲಿಗೆ ಪಶ್ಚಿಮ ಘಟ್ಟದ ಶ್ರೇಣಿಯೂ ನಮ್ಮ ಈ ಕಿರಿದಾದ ನಾಡಿಗೆ ಎಲ್ಲೆಗಟ್ಟಿರುವುದು ಕಾಣುತ್ತದೆ. ಕೊಲ್ಲೂರು, ಜಡ್ಕಲ್, ಮುದೂರು, ಹಳ್ಳಿಹೊಳೆ, ಹೊಸಂಗಡಿ, ಅಮಾಸೆಬೈಲು ಮೊದಲಾದ ಗ್ರಾಮಗಳು ಘಟ್ಟದ ಬುಡದಲ್ಲಿಯೇ ನೆಲೆಸಿವೆ. 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು ಇಲ್ಲಿಯ ಎಷ್ಟೋ ಮನೆಗಳ ಹಿತ್ತಿಲಿನಿಂದಲೇ ಆರಂಭವಾಗುತ್ತದೆ. ಬ್ರಹ್ಮಾವರದ ಕಡೆಯ ಊರುಗಳು ಘಟ್ಟದಿಂದ ತುಸು ದೂರದಲ್ಲಿದ್ದರೂ ಹಾಡಿಯಿಲ್ಲದ ಊರು ಅಲ್ಲಿಯೂ ವಿರಳ. ಹಾಡಿಯ ಸೊಪ್ಪು, ಹಾಡಿಯ ತರಗೆಲೆ, ಹಾಡಿಯ ಕಟ್ಟಿಗೆ, ಇವುಗಳನ್ನು ನೆಚ್ಚಿಯೇ ನಮ್ಮ ಹಟ್ಟಿ, ಗದ್ದೆ, ಒಲೆಗಳು ತಲೆತಲಾಂತರದಿಂದ ನಡೆದುಬಂದಿವೆ.

ಇಂತಹ ನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಉಣ್ಣೆ ಅಪರಿಚಿತ ಪ್ರಾಣಿಯೇನಲ್ಲ. ಉಣ್ಣಿ, ಉಣುಗು ಎಂದು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯಾಗಿ ಕರೆಯಲ್ಪಡುವ ಈ ಜೀವಿಯನ್ನು ಹಸುವಿನ ಕಿವಿಯಿಂದಲೋ ನಾಯಿಯ ಕೊರಳಿನಿಂದಲೋ ಕಿತ್ತು ಬಿಸುಡದ ಹುಡುಗನಿರಲಾರನು. ಆದರೆ ಈ ಕ್ಷುದ್ರ ಪ್ರಾಣಿಯ ಕಡಿತದಿಂದ ಮನುಷ್ಯನಿಗೆ ಮಾರಕವಾದ ಜ್ವರವೊಂದು ತಗಲುವುದೆಂಬ ಸಂಗತಿಯನ್ನು ಜಗತ್ತು ಅರಿತದ್ದು ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯಿಂದ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಘಟ್ಟದ ಮೇಲಿನ ಮಕ್ಕಳೂ ಘಟ್ಟದ ಕೆಳಗಿನ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ರಜೆ ಬಂದೊಡನೆ ಅವರಲ್ಲಿ ಬಹುಪಾಲು ಮಕ್ಕಳು ಮನೆಗೆ ಹೋಗಿ ತಂದೆತಾಯಿಯರ ಕಾಯಕದಲ್ಲಿ ಕೈಜೋಡಿಸುತ್ತಾರೆ, ಎಂದರೆ ಹಾಡಿಗೆ ಹೋಗುತ್ತಾರೆ. ಆದಕಾರಣ ಈ ಸಂಚಿಕೆಯಲ್ಲಿ ಈ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇನೆ.

1957ನೆಯ ಇಸವಿಯ ಬೇಸಗೆ. ಸೊರಬ ತಾಲೂಕಿನ ಕ್ಯಾಸನೂರು ಎಂಬ ಕಾಡಿನ ಆಸುಪಾಸಿನ ಹಳ್ಳಿಗಳಲ್ಲಿ ಜನರು ತೀವ್ರವಾದ ಜ್ವರದಿಂದ ಹಾಸಿಗೆ ಹಿಡಿಯತೊಡಗಿದರು. ಕೆಲವರು ಅಸುನೀಗಿದರು. ಅದೇ ಸಮಯದಲ್ಲಿ ಕಾಡಿನೊಳಗೆ ಮಂಗಗಳು ಸತ್ತು ಬಿದ್ದಿರುವುದೂ ಕಂಡುಬಂದಿತು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆಯೆಂದು ಹಳ್ಳಿಗರು ತಾವಾಗಿಯೇ ಊಹಿಸಿದ್ದರು. ಮಂಗನ ಕಾಯಿಲೆ ಎಂಬ ಹೆಸರು ಅವರು ಕೊಟ್ಟದ್ದೇ ಹೊರತು ವಿಜ್ಞಾನಿಗಳದಲ್ಲ. ವೈದ್ಯರಿಗಾದರೋ ಮೊದಲು ಬೇರೊಂದು ಭಯ ಹುಟ್ಟಿತು. ದಕ್ಷಿಣ ಅಮೆರಿಕ ಖಂಡದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ಹಳದಿ ಜ್ವರವು ಕೊನೆಗೂ ಭಾರತವನ್ನು ಪ್ರವೇಶಿಸಿತೋ ಏನೋ ಎಂಬ ಶಂಕೆ ಅದು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ತಂಡವು ತ್ವರೆಯಾಗಿ ಕ್ಯಾಸನೂರಿಗೆ ಧಾವಿಸಿತು. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಹಾಗೂ ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವಿಷಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ಅದುವರೆಗೆ ಯಾರೂ ಕಂಡಿರದ ಹೊಸ ವಿಷಾಣುವಾಗಿತ್ತು. ಹೀಗೆ ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಶಾಶ್ವತವಾಗಿ ಸೇರಿಹೋಯಿತು. ಊರಿಗೆ ಬರಬಾರದ ಕೀರ್ತಿಯಿದು ಎಂದು ಅಲ್ಲಿಯವರು ಹೇಳಿದರೆ ತಪ್ಪೆನ್ನಲಾಗದು.

ಈ ಹೊಸ ವಿಷಾಣುವು ರಷ್ಯಾ ದೇಶದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವಿಷಾಣುವಿಗೆ ಹತ್ತಿರದ ಸಂಬಂಧಿಯೆಂದು ತಿಳಿದಾಗ ವಿಜ್ಞಾನಿಗಳ ವಿಸ್ಮಯಕ್ಕೆ ಪಾರವಿಲ್ಲದಾಯಿತು. ಸೈಬೀರಿಯದ ನಂಟಸ್ತಿಕೆ ಮಲೆನಾಡಿಗೆ ಒದಗಿದ್ದಾದರೂ ಹೇಗೆ? ಚಳಿಗಾಲದಲ್ಲಿ ಬಡಗಣ ದೇಶಗಳಿಂದ ವಲಸೆ ಬರುವ ಹಕ್ಕಿಗಳು ತಮ್ಮ ಮೈಮೇಲಿನ ಉಣ್ಣೆಗಳೊಡನೆ ರೋಗವನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಸುಪ್ರಸಿದ್ಧ ಪಕ್ಷಿತಜ್ಞ ಸಾಲಿಂ ಅಲಿಯವರು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆಯನ್ನು ಅಭ್ಯಸಿಸುವ ಕಾರ್ಯವನ್ನು ವ್ಯಾಪಕವಾಗಿ ಕೈಗೊಂಡುದಕ್ಕೆ ಈ ಪ್ರಶ್ನೆಯೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಪಕ್ಷಿಶಾಸ್ತ್ರಕ್ಕೆ ಮಾತ್ರ ಅದರಿಂದ ಬಹಳ ಲಾಭವಾಯಿತು.

ಇನ್ನು ಉಣ್ಣೆಯ ವಿಚಾರ. ರೋಗದ ಮರ್ಮವೆಲ್ಲ ಅಡಗಿರುವುದು ಅದರ ಜೀವನಕ್ರಮದಲ್ಲಿಯೇ ಆದುದರಿಂದ ಇಲ್ಲಿ ಕೊಂಚ ನಿಲ್ಲಬೇಕು.

ಉಣ್ಣೆಯು ಕೀಟವಲ್ಲ, ಜೇಡ, ಚೇಳುಗಳ ವರ್ಗಕ್ಕೆ ಸೇರಿದುದು. ಅದರಲ್ಲಿ ನೂರಾರು ಜಾತಿಗಳಿವೆ. ನಮ್ಮ ಹಟ್ಟಿಯ ದನಗಳ ಮೈಮೇಲೆ ಹರಳುಬೀಜದಂತೆ ಊದಿಕೊಂಡು ತೋರುವ ಉಣ್ಣೆಗಳಲ್ಲಿ ಹೆಚ್ಚಿನವು ಒಂದೇ ದನದ ಮೇಲೆ ತಮ್ಮ ಬಾಳನ್ನು ಸವೆಸುವ ಜಾತಿಯವು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಅದಲ್ಲ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡುಣ್ಣೆ. ಇದು ತನ್ನ ಆಯುಷ್ಯದಲ್ಲಿ ಮೂರು ಬಾರಿ ಮಾತ್ರ ರಕ್ತ ಹೀರುತ್ತದೆ, ಮೂರು ಬಾರಿಯೂ ಬೇರೆ ಬೇರೆ ಪ್ರಾಣಿಯನ್ನು ಆಶ್ರಯಿಸುತ್ತದೆ. ಮಳೆಗಾಲದಲ್ಲಿ ಬಲಿತ ಉಣ್ಣೆಗಳು ದನ, ಕಾಟಿ, ಕಡವೆ ಮೊದಲಾದ ದೊಡ್ಡ ಪ್ರಾಣಿಗಳ ರಕ್ತ ಹೀರಿ, ನೆಲಕ್ಕೆ ಬಿದ್ದು, ಎಲೆಗಳ ಮರೆಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತವೆ. ಮಳೆ ಹಿಂದೆಗೆದ ಮೇಲೆ ಆ ಮೊಟ್ಟೆಗಳಿಂದ ಆರು ಕಾಲಿನ ಮರಿಗಳು ಹೊರಬರುತ್ತವೆ. ಸೂಜಿಯ ಮೊನೆಯಷ್ಟಿರುವ ಈ ಮರಿಗಳು ಕಾಡಿಲಿ, ಸುಂಡಿಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿಗಳು, ಮಂಗಗಳು, ಹೀಗೆ ಸಿಕ್ಕ ಪ್ರಾಣಿಯನ್ನು ಹತ್ತಿ ರಕ್ತ ಹೀರುತ್ತವೆ. ಅನಂತರ ಕಳಚಿಬಿದ್ದು ಪೊರೆಬಿಟ್ಟು ಎಂಟು ಕಾಲಿನ ಎಳೆಯುಣ್ಣೆಗಳಾಗುತ್ತವೆ. ಎಳೆಯುಣ್ಣೆ ಎಳ್ಳಿನ ಕಾಳಿಗಿಂತಲೂ ಚಿಕ್ಕದು. ಅದರ ಕಾಲವು ಡಿಸೆಂಬರಿನಿಂದ ಮೇ ತಿಂಗಳವರೆಗೆ; ಜನವರಿಯಿಂದ ಮಾರ್ಚಿಯವರೆಗೆ ಅದರ ಸಂಖ್ಯೆ ತುಟ್ಟತುದಿಯಲ್ಲಿರುತ್ತದೆ. ಮನುಷ್ಯನನ್ನು ಕಡಿದು ಕಾಯಿಲೆ ಅಂಟಿಸುವುದು ಬಹುಮಟ್ಟಿಗೆ ಈ ಎಳೆಯುಣ್ಣೆಯೇ. ಮರಿಯಾಗಿದ್ದಾಗ ಸೋಂಕಿದ ಪ್ರಾಣಿಯ ರಕ್ತದೊಡನೆ ಒಳಸೇರಿದ ವಿಷಾಣುವು ಪೊರೆ ಕಳಚಿದ ಮೇಲೂ ನಾಶವಾಗದೆ ಅದರ ದೇಹದಲ್ಲಿ ಉಳಿದಿರುತ್ತದೆ.

ಎಳೆಯುಣ್ಣೆಗೆ ರೆಕ್ಕೆಯಿಲ್ಲ, ನೆಗೆಯುವ ಶಕ್ತಿಯಿಲ್ಲ, ಕಣ್ಣೂ ಇಲ್ಲ. ಅದು ತರಗೆಲೆಯ ಅಂಚಿಗೋ ಹುಲ್ಲಿನ ತುದಿಗೋ ಏರಿ ಮುಂಗಾಲುಗಳನ್ನು ಚಾಚಿಕೊಂಡು ಕಾಯುತ್ತದೆ. ಆ ಮುಂಗಾಲುಗಳಲ್ಲಿ ಪ್ರಾಣಿಗಳ ಉಸಿರನ್ನೂ ಮೈಶಾಖವನ್ನೂ ಗ್ರಹಿಸುವ ಅವಯವವಿದೆ. ಬಳಿಯಲ್ಲಿ ಹಾದುಹೋದ ಕಾಲಿಗೆ, ನೆಲದ ಮೇಲೆ ಊರಿದ ಕೈಗೆ, ಎಲೆಯ ಹೊರೆ ಹೊತ್ತ ಹೆಗಲಿಗೆ ಅದು ತಗಲಿಕೊಳ್ಳುತ್ತದೆ. ಬಳಿಕ ಬಟ್ಟೆಯ ಒಳಗೆ ತೆವಳಿ ಕಂಕುಳು, ತೊಡೆಯ ಸಂದು, ಸೊಂಟ, ಕಿವಿಯ ಹಿಂಭಾಗಗಳಂತಹ ಮೆತ್ತನೆಯ ಎಡೆಯನ್ನು ಅರಸುತ್ತದೆ. ಕಡಿಯುವಾಗ ನೋವಾಗದಂತೆ ಅದರ ಜೊಲ್ಲಿನಲ್ಲಿ ಮರವಿನ ಗುಣವಿದೆ. ವಿಷಾಣು ನಮ್ಮನ್ನು ಸೇರುವುದೂ ಆ ಜೊಲ್ಲಿನ ಮೂಲಕವೇ. ಎಷ್ಟೋ ರೋಗಿಗಳು ತಮಗೆ ಉಣ್ಣೆ ಕಡಿದುದೇ ತಿಳಿಯದೆಂದು ಹೇಳುವುದಕ್ಕೆ ಕಾರಣ ಇದು.

ಈಗ ನಮ್ಮ ಕೃಷಿಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಕೊಯ್ಲು ಮುಗಿದು ಗದ್ದೆ ಬಿಡುವಾಗುವುದು ಮಾರ್ಗಶಿರ, ಪುಷ್ಯ ಮಾಸಗಳಲ್ಲಿ. ಹಾಡಿಯ ಮರಗಳು ಎಲೆ ಉದುರಿಸುವುದು ಆಗಲೇ. ಹಟ್ಟಿಗೆ ಹಾಸಲು, ಗೊಬ್ಬರ ಮಾಡಲು, ಸುಡುಮಣ್ಣಿಗೆ ಒಟ್ಟಲು ಹೆಂಗಸರೂ ಮಕ್ಕಳೂ ತರಗೆಲೆ ಗುಡಿಸಿ ಹೊರೆಕಟ್ಟಿ ತರುವುದು ಜನವರಿ, ಫೆಬ್ರುವರಿಗಳಲ್ಲಿ. ಮಳೆಗಾಲಕ್ಕೆ ಬೇಕಾದ ಕಟ್ಟಿಗೆ ಕೂಡಿಹಾಕುವುದೂ ಅದೇ ಸಮಯದಲ್ಲಿ. ಫೆಬ್ರುವರಿ ಕಳೆದರೆ ಗೇರುಬೀಜ ಹೆಕ್ಕುವ ಕೆಲಸ, ಅದು ಮೇ ತಿಂಗಳವರೆಗೂ ಸಾಗುತ್ತದೆ. ನಾವು ನೆಲದ ಎಲೆಗೆ ಅತ್ಯಂತ ಸಮೀಪವಾಗಿ ಬಾಗಿ ದುಡಿಯುವ ತಿಂಗಳುಗಳೂ ಎಳೆಯುಣ್ಣೆ ಎಲೆಯ ಮೇಲೆ ಕಾದಿರುವ ತಿಂಗಳುಗಳೂ ಒಂದಕ್ಕೊಂದು ಚಾಚೂ ತಪ್ಪದೆ ಹೊಂದಿಕೊಂಡಿವೆ. ಈ ರೋಗವು ಉಳ್ಳವರಿಗಿಂತ ಕೂಲಿಕಾರರನ್ನೂ, ಸೌದೆ ಸೊಪ್ಪಿಗೆ ಹೋಗುವ ಹೆಂಗಸರನ್ನೂ, ದನ ಕಾಯುವ ಹುಡುಗರನ್ನೂ ಹೆಚ್ಚಾಗಿ ಹಿಡಿಯುವುದರ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಮಂಗನ ಕಾಯಿಲೆಯೆಂಬ ಹೆಸರಿನಿಂದಾಗಿ ಮಂಗಗಳಿಗೆ ಒದಗಿರುವ ಅಪವಾದವನ್ನು ಇಲ್ಲಿ ನಿವಾರಿಸಬೇಕು. ಮಂಗವು ಮನುಷ್ಯನಿಗೆ ನೇರವಾಗಿ ಈ ರೋಗವನ್ನು ಅಂಟಿಸುವುದಿಲ್ಲ. ಅದು ನಮ್ಮಂತೆಯೇ, ನಮಗಿಂತಲೂ ಹೆಚ್ಚಾಗಿ, ರೋಗಕ್ಕೆ ತುತ್ತಾಗುವ ಪ್ರಾಣಿ. ಕಪ್ಪು ಮೋರೆಯ ಮುಸುವ ಮತ್ತು ಕೆಂಪು ಮೋರೆಯ ಸಾಮಾನ್ಯ ಮಂಗ, ಎರಡೂ ಈ ವಿಷಾಣುವಿನಿಂದ ಸಾಯುತ್ತವೆ. ಅವುಗಳ ಪೈಕಿ ಮುಸುವಕ್ಕೆ ರೋಗವು ಬಲು ಘೋರ. ಕಾಯಿಲೆ ಬಿದ್ದ ಮಂಗದ ರಕ್ತದಲ್ಲಿ ವಿಷಾಣು ಹೇರಳವಾಗಿರುವುದರಿಂದ ಅದರ ಮೈಮೇಲಿನ ಉಣ್ಣೆಗಳೆಲ್ಲ ಸೋಂಕನ್ನು ಪಡೆಯುತ್ತವೆ. ಮಂಗವು ಸತ್ತು ದೇಹ ತಣ್ಣಗಾದೊಡನೆ ಆ ಉಣ್ಣೆಗಳು ಹೆಣವನ್ನು ಬಿಟ್ಟು ಸುತ್ತಣ ನೆಲದಲ್ಲಿ ಚದುರುತ್ತವೆ. ಮಂಗ ಸತ್ತು ಬಿದ್ದ ಎಡೆ ಹೀಗೆ ಅನೇಕ ದಿನಗಳವರೆಗೆ ಅಪಾಯದ ತಾಣವಾಗಿ ಉಳಿಯುತ್ತದೆ. ಹೆಣವನ್ನು ಸಾಗಿಸಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ತಿಳಿಯುವಂತಿಲ್ಲ.

ಮಂಗ ಸತ್ತರೆ ನಮ್ಮ ಜನ ಅದನ್ನು ಬೀದಿಯಲ್ಲಿ ಬಿಟ್ಟು ಹೋಗುವವರಲ್ಲ. ಹನುಮನ ಕುಲವೆಂದು ಭಾವಿಸಿ, ಸ್ನಾನ ಮಾಡಿಸಿ, ಹೂವಿನ ಮಾಲೆ ಹಾಕಿ, ಹತ್ತು ಜನ ಸೇರಿ ಮಣ್ಣು ಮಾಡುವ ಪದ್ಧತಿ ಅನೇಕ ಊರುಗಳಲ್ಲಿದೆ. ಪೋಷಕರ ಸಭೆಯೊಂದರಲ್ಲಿ ಈ ಕಾಯಿಲೆಯ ಬಗ್ಗೆ ನಾನು ನಾಲ್ಕು ಮಾತು ಹೇಳಿ ಮುಗಿಸಿದಾಗ ಹಿರಿಯರೊಬ್ಬರು ಎದ್ದುನಿಂತು, “ಹಂಗಾರೆ ಹನುಮಂತ ದೇವ್ರಿಗೆ ಒಂದ್ ಮುಷ್ಟಿ ಮಣ್ ಹಾಕುಕೂ ಆಗ್ದಾ ಮಾಷ್ಟ್ರೇ?” ಎಂದು ಕೇಳಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ವ್ಯಥೆಯಿತ್ತು. ಮುಟ್ಟಬಾರದೆಂದು ಹೇಳುವುದು ಸುಲಭ. ಭಕ್ತಿಯಿಂದ ಮಾಡುತ್ತ ಬಂದುದನ್ನು ಬಿಡಿರೆನ್ನುವುದು ಅಷ್ಟು ಸುಲಭವಲ್ಲ. ಆರೋಗ್ಯ ಇಲಾಖೆಯವರು ಬಂದು ತಮ್ಮ ಕೆಲಸ ಮುಗಿಸಿದ ಮೇಲೆ, ದೂರದಲ್ಲಿ ನಿಂತು ಕೈಮುಗಿಯುವುದಕ್ಕೂ ಮನೆಯಲ್ಲಿ ದೀಪವಿಡುವುದಕ್ಕೂ ಯಾವ ಅಡ್ಡಿಯೂ ಇಲ್ಲವೆಂದು ನಾನು ಉತ್ತರ ಕೊಟ್ಟೆ. ಅವರಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆ. ಆದರೂ ತಲೆಯಾಡಿಸಿ ಕುಳಿತರು.

ವಿಷಾಣುವು ಕಾಡಿನಲ್ಲಿ ಮೊದಲಿನಿಂದಲೂ ಇದ್ದಿರಬೇಕು. ಹಾಗಾದರೆ 1957ರವರೆಗೆ ಸುಮ್ಮನಿದ್ದು ಆಮೇಲೆ ಮನುಷ್ಯನ ಮೇಲೆ ಎರಗಿದ್ದೇಕೆ? ಈ ಪ್ರಶ್ನೆಯನ್ನು ಆಳವಾಗಿ ವಿವೇಚಿಸಿದವರಲ್ಲಿ ಜಾರ್ಜ್ ಬೋಶೆಲ್ ಒಬ್ಬರು. ಜನಸಂಖ್ಯೆ ಏರಿ, ಕಾಡು ಕಡಿದು ಸಾಗುವಳಿ ಹಬ್ಬಿ, ದನಗಳ ಮಂದೆ ಕಾಡಿನೊಳಕ್ಕೆ ನುಗ್ಗಿದುದು ಇದಕ್ಕೆ ಕಾರಣವೆಂದು 1969ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಪ್ರತಿಪಾದಿಸಿದರು. ದನಗಳಿಗೆ ಈ ರೋಗ ಬಾಧಿಸದು. ಅವುಗಳ ರಕ್ತದಿಂದ ಉಣ್ಣೆಗೆ ವಿಷಾಣು ಸೇರುವ ಸಂಭವವೂ ಅತ್ಯಲ್ಪ. ಆದರೆ ಬಲಿತ ಉಣ್ಣೆಗೆ ಯಥೇಚ್ಛ ಆಹಾರ ಒದಗಿಸಿ ಅದರ ಸಂತತಿಯನ್ನು ಮಿತಿಮೀರಿ ಬೆಳೆಸುವುದು ಅವೇ. ಮನೆಯ ಹಟ್ಟಿಗೂ ಕಾಡಿಗೂ ನಡುವೆ ದಿನಂಪ್ರತಿ ಓಡಾಡುತ್ತ ಅವನ್ನು ಸಾಗಿಸುವುದೂ ಅವೇ. ಅನಂತರದ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಕಾಯಿಲೆಯು ನಿಬಿಡವಾದ ಹೆಗ್ಗಾಡಿನ ಗರ್ಭದಲ್ಲಿರುವುದಕ್ಕಿಂತ ಹೆಚ್ಚಾಗಿ, ಕಾಡು, ತೋಟ, ಗದ್ದೆ, ಮನೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಅಂಚಿನಲ್ಲಿದೆ. ನಮ್ಮ ಘಟ್ಟದ ಬುಡವೆಲ್ಲ ಅಂತಹ ಅಂಚೇ ಆಗಿದೆ.

ಇದಕ್ಕೆ ಅತ್ಯಂತ ದಾರುಣವಾದ ನಿದರ್ಶನ ಅಂದಿನ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ನಡೆಯಿತು. ಬೆಳ್ತಂಗಡಿ ತಾಲೂಕಿನ ಪಟ್ರಮೆಯ ಕಡೆ ಗೇರು ನೆಡುತೋಪಿಗಾಗಿ ಮೀಸಲು ಅರಣ್ಯವನ್ನು ಬೋಳಾಗಿ ಕಡಿಯಲಾಯಿತು. 1982ರ ಕೊನೆಯಲ್ಲಿ ಆರಂಭವಾಗಿ 1983ರಲ್ಲಿ ಹಬ್ಬಿದ ಕಾಯಿಲೆಗೆ 1,500ಕ್ಕೂ ಮಿಕ್ಕಿದ ಜನ ತುತ್ತಾದರು. ಅವರಲ್ಲಿ ಸುಮಾರು 150 ಮಂದಿ ಮಡಿದರು. ಈ ರೋಗದ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಅಷ್ಟೊಂದು ಜೀವಹಾನಿ ಬೇರೆಲ್ಲಿಯೂ ದಾಖಲಾಗಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಈ ದುರಂತವನ್ನು ಅಭ್ಯಸಿಸಿ 1987ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯು ತಂದ ರೋಗವೆಂದೇ ಕರೆದರು. ಗೇರು ನಮ್ಮ ಕರಾವಳಿಯ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಬೆಳೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಾಡನ್ನು ಒಮ್ಮೆಗೇ ಬೋಳಿಸಿದಾಗ ಅದರ ಮಡಿಲಿನಲ್ಲಿದ್ದುದೆಲ್ಲ ಎಲ್ಲಿಗೆ ಹೋಗಬೇಕೆಂಬುದನ್ನು ಅಂದು ಯಾರೂ ಯೋಚಿಸಲಿಲ್ಲವೆಂಬುದಷ್ಟೇ ನನ್ನ ಮಾತು. ಗೋವೆಯ ಸತ್ತರಿ ತಾಲೂಕಿನಲ್ಲಿ 2015ರಲ್ಲಿ ಈ ರೋಗ ತಲೆದೋರಿದಾಗಲೂ ಗೇರುತೋಪುಗಳಲ್ಲಿ ದುಡಿಯುವವರು ಅದಕ್ಕೆ ಸಿಕ್ಕಿದರು.

ಬಹುಕಾಲ ಶಿವಮೊಗ್ಗ ಜಿಲ್ಲೆಯ ರೋಗವೆಂದೇ ಪರಿಗಣಿತವಾಗಿದ್ದುದು ಕ್ರಮೇಣ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಿಗೂ ವ್ಯಾಪಿಸಿತು. 2012ರಿಂದೀಚೆಗೆ ಬಂಡೀಪುರ, ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿದೆ. ಪಶ್ಚಿಮ ಘಟ್ಟದ ಉದ್ದಕ್ಕೂ ಇದರ ನೆಲೆಗಳಿವೆಯೆಂದು ಈಗ ತಿಳಿಯಬೇಕಾಗಿದೆ. ಬಿದನೂರಿನ ಅರಸರ ಕಾಲದಲ್ಲಿ ಘಟ್ಟದ ಮೇಲಿನ ಸರಕು ಹೇರೆತ್ತುಗಳ ಮೇಲೆ ಹೊಸಂಗಡಿಯ ಕಣಿವೆಯಿಂದ ಇಳಿದು ಬಸ್ರೂರಿನ ಬಂದರನ್ನು ಮುಟ್ಟುತ್ತಿತ್ತು. ಮಂಗಕ್ಕಾಗಲಿ ಉಣ್ಣೆಗಾಗಲಿ ಅಂತಹ ದಾರಿಯೂ ಬೇಕಿಲ್ಲ, ಜಿಲ್ಲೆಯ ಗಡಿಯೂ ತಿಳಿಯದು. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಪರಿಸರದಲ್ಲಿ ಕಾಯಿಲೆ ಉಲ್ಬಣಿಸಿ ಹತ್ತಕ್ಕೂ ಹೆಚ್ಚು ಜನ ತೀರಿಹೋದರು. ಅಲ್ಲಿಯ ಬಹುಮಂದಿ ರೋಗಿಗಳು ಘಟ್ಟವಿಳಿದು ಮಣಿಪಾಲದಲ್ಲಿ ಚಿಕಿತ್ಸೆ ಪಡೆದರು. ಅದೇ 2019ರ ಆರಂಭದಲ್ಲಿ ಉಡುಪಿ ಜಿಲ್ಲೆಯಲ್ಲಿ ಸತ್ತು ಬಿದ್ದ ಕೆಲವು ಮಂಗಗಳಲ್ಲಿಯೂ ವಿಷಾಣು ಇರುವುದು ಪರೀಕ್ಷೆಯಿಂದ ದೃಢಪಟ್ಟಿತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಿಂದ ಕಾಯಿಲೆಯ ವಾರ್ತೆಗಳು ಬರುತ್ತಿದ್ದಾಗ ನಮ್ಮ ಕುಂದಾಪುರ ತಾಲೂಕಿನ ಸಿದ್ದಾಪುರವೆಂದು ತಿಳಿದು ಗಾಬರಿಗೊಂಡವರೂ ಇದ್ದರು. ಗಾಬರಿ ತಪ್ಪು ತಿಳಿವಳಿಕೆಯಿಂದ ಬಂದದ್ದಾದರೂ ಎಚ್ಚರ ಎರಡೂ ಸಿದ್ದಾಪುರಗಳಿಗೆ ಸಮಾನವಾಗಿಯೇ ಬೇಕು.

ರೋಗದ ಲಕ್ಷಣಗಳನ್ನು ಹೇಳುತ್ತೇನೆ. ಉಣ್ಣೆ ಕಡಿದ ಮೂರರಿಂದ ಎಂಟು ದಿನಗಳಲ್ಲಿ, ಮುನ್ಸೂಚನೆಯಿಲ್ಲದೆ, ಚಳಿಯೊಡನೆ ಜ್ವರ ಏರುತ್ತದೆ. ಹಣೆ ಸಿಡಿಯುವಂತಹ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಅಸಹನೀಯವಾದ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ, ವಿಪರೀತ ನಿತ್ರಾಣ ಇವು ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಬಿಳಿಯ ಕಣಗಳೂ ಕಿರುಬಿಲ್ಲೆಗಳೂ ಇಳಿಮುಖವಾಗುತ್ತವೆ. ಕೆಲವರಿಗೆ ಒಸಡು, ಮೂಗು, ಕರುಳುಗಳಿಂದ ರಕ್ತಸ್ರಾವವಾಗುತ್ತದೆ. ಒಂದೆರಡು ವಾರಗಳಲ್ಲಿ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರಾದರೂ ನಿಶ್ಶಕ್ತಿ ತಿಂಗಳುಗಟ್ಟಲೆ ಉಳಿಯುವುದುಂಟು. ನೂರಕ್ಕೆ ಹತ್ತಿಪ್ಪತ್ತು ಮಂದಿಯಲ್ಲಿ ಜ್ವರ ಬಿಟ್ಟು ಗುಣವಾಯಿತೆನ್ನುವಷ್ಟರಲ್ಲಿ ಮತ್ತೆ ಮರುಕಳಿಸುತ್ತದೆ. ಈ ಎರಡನೆಯ ಹಂತದಲ್ಲಿ ಕತ್ತು ಸೆಟೆಯುವುದು, ಕೈಕಾಲು ನಡುಗುವುದು, ಬುದ್ಧಿಭ್ರಮೆ ಮುಂತಾಗಿ ಮೆದುಳಿಗೆ ಸಂಬಂಧಿಸಿದ ಚಿಹ್ನೆಗಳು ತೋರಬಹುದು. ಆದುದರಿಂದ ಜ್ವರ ಇಳಿದ ಕೂಡಲೇ ಕೂಲಿಗೆ ಹೊರಡುವುದು ಕ್ಷೇಮವಲ್ಲ. ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಮನೆಗೆ ಈ ಮಾತು ಎಷ್ಟರಮಟ್ಟಿಗೆ ರುಚಿಸೀತೆಂಬುದು ಬೇರೆ ವಿಚಾರ. ರೋಗಕ್ಕೆ ತುತ್ತಾದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಅಸುನೀಗುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗಿಯ ಆರೈಕೆಗೆ ಯಾರೂ ಅಂಜಬೇಕಾಗಿಲ್ಲ.

ವಿಷಾಣುವನ್ನು ಕೊಲ್ಲುವ ಔಷಧಿ ಇನ್ನೂ ಸಿದ್ಧಿಸಿಲ್ಲ. ನೀರಿನಂಶ ಕಡಮೆಯಾಗದಂತೆ, ರಕ್ತಸ್ರಾವ ಮಿತಿಮೀರದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಅದು ಸಕಾಲದಲ್ಲಿ ದೊರೆತರೆ ಬಹಳ ಜೀವಗಳು ಉಳಿಯುತ್ತವೆ. ಅಂಗಡಿಯಿಂದ ನೋವಿನ ಗುಳಿಗೆಗಳನ್ನು, ವಿಶೇಷವಾಗಿ ಆಸ್ಪಿರಿನ್ ಜಾತಿಯವನ್ನು, ತಾವೇ ತಂದು ನುಂಗುವುದು ರಕ್ತಸ್ರಾವಕ್ಕೆ ಇಂಬುಕೊಟ್ಟಂತೆ. ನಮ್ಮ ಕರಾವಳಿಯಲ್ಲಿ ಜ್ವರಗಳ ಬಗೆಯೂ ಒಂದೆರಡಲ್ಲ. ಇಲಿಜ್ವರವು ಮಳೆಗಾಲದ ಕೆಸರುಗದ್ದೆಯ ರೋಗ, ಡೆಂಗ್ಯು ಸೊಳ್ಳೆಯಿಂದ ಬರುವಂಥದು. ಉಣ್ಣೆಗಿಂತಲೂ ಸೂಕ್ಷ್ಮವಾದ ನುಸಿಯೊಂದರ ಮರಿ ಕಡಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರುತ್ತದೆ. ಕಡಿದ ಎಡೆಯಲ್ಲಿ ಸುಟ್ಟಂತಹ ಕಪ್ಪು ಹೊಪ್ಪಳೆ ಕಾಣಿಸುವುದು ಅದರ ಗುರುತು. ಉಣ್ಣೆಯಿಂದಲೇ ಹರಡುವ ಟೈಫಸ್ ಜ್ವರವೂ ಒಂದಿದೆ. ಈ ಎರಡು ಟೈಫಸ್ ಜ್ವರಗಳೂ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಔಷಧಿಗೆ ಮಣಿಯುತ್ತವೆ. ಆದಕಾರಣ ಜ್ವರದ ರೋಗಿಯು ವೈದ್ಯರ ಬಳಿಗೆ ಹೋದಾಗ ಕಳೆದ ಎರಡು ವಾರಗಳಲ್ಲಿ ತಾನು ಹಾಡಿಗೆ ಹೋಗಿದ್ದೆನೇ, ಉಣ್ಣೆ ಕಡಿದಿತ್ತೇ, ಊರಿನಲ್ಲಿ ಮಂಗ ಸತ್ತಿದೆಯೇ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಈ ಮೂರು ಮಾತುಗಳು ವೈದ್ಯರಿಗೆ ದಾರಿ ತೋರುತ್ತವೆ. ರೋಗದ ಮೊದಲ ದಿನಗಳಲ್ಲಿ ತೆಗೆದ ರಕ್ತದಿಂದ ವಿಷಾಣುವನ್ನು ಪತ್ತೆ ಹಚ್ಚುವ ವ್ಯವಸ್ಥೆ ಈಗ ಇದೆ.

ಲಸಿಕೆಯ ಕಥೆ ಅಷ್ಟೇನೂ ಹಿತಕರವಲ್ಲ. ಆರಂಭದಲ್ಲಿ ರಷ್ಯಾದ ಮೆದುಳುಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಲಾಯಿತು, ಅದು ಫಲಿಸಲಿಲ್ಲ. ಅನಂತರ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿದ ಲಸಿಕೆ ಸಿದ್ಧವಾಯಿತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಇದನ್ನು 1990ರ ದಶಕದಿಂದ ಮಲೆನಾಡಿನಲ್ಲಿ ಕೊಡುತ್ತ ಬರಲಾಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದರಂತೆ ಮರುಮದ್ದು ಎಂಬುದು ಕ್ರಮ. ಚುಚ್ಚಿದೆಡೆ ಬಹಳ ನೋಯುತ್ತಿದ್ದುದರಿಂದ ಅನೇಕರು ಎರಡನೆಯ ಬಾರಿ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಎರಡು ಮದ್ದು ಪಡೆದವರಲ್ಲಿ ನೂರಕ್ಕೆ 62ರಷ್ಟು, ಮರುಮದ್ದನ್ನೂ ಪಡೆದವರಲ್ಲಿ ನೂರಕ್ಕೆ 83ರಷ್ಟು ರಕ್ಷಣೆ ಒದಗಿತೆಂದು ತಿಳಿದುಬಂದಿತು. ಮುಂದೆ ಲಸಿಕೆಯ ಶಕ್ತಿ ಕುಂದಿರುವುದು ಸಿದ್ಧಪಟ್ಟು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯನ್ನು ರೂಪಿಸುವ ಪ್ರಯತ್ನವನ್ನು ಕೈಗೊಂಡಿದೆ. ಅದು ಜನರ ಕೈಸೇರುವವರೆಗೆ ನಮ್ಮ ಮೈಯನ್ನು ನಾವೇ ಕಾಯ್ದುಕೊಳ್ಳಬೇಕಾಗಿದೆ.

ಹಾಡಿಗೆ ಹೋಗಬೇಡಿರೆಂದು ಹೇಳುವುದು ವ್ಯರ್ಥ. ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಕೈಕಾಲುಗಳ ತೆರೆದ ಭಾಗಗಳಿಗೆ ಆರೋಗ್ಯ ಕೇಂದ್ರಗಳಲ್ಲಿ ವಿತರಿಸುವ ಡೆಪಾ ತೈಲವನ್ನು ಲೇಪಿಸಿಕೊಳ್ಳಬೇಕು. ಇದು ನಮ್ಮ ರಕ್ಷಣಾ ಸಂಶೋಧನ ಸಂಸ್ಥೆಯವರು ಸಿದ್ಧಪಡಿಸಿದ ಕೀಟನಿವಾರಕ. ಹಿಂದೆ ಇದರ ಬದಲಿಗೆ ಡಿ.ಎಂ.ಪಿ. ತೈಲ ಬಳಕೆಯಲ್ಲಿತ್ತು. ದಣಿವಾರಿಸಿಕೊಳ್ಳಲು ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು, ಮಲಗುವ ಮಾತಂತೂ ದೂರವೇ ಉಳಿಯ(ಲ)ಬೇಕು. ಮನೆಗೆ ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಮೈಯನ್ನೆಲ್ಲ ಪರೀಕ್ಷಿಸಬೇಕು; ಬೆನ್ನು ಮತ್ತು ತಲೆಗಳನ್ನು ಮನೆಯವರು ನೋಡಿ ಹೇಳಬೇಕು. ಎಲೆಯ ಹೊರೆಯನ್ನು ಜಗಲಿಯ ಪಕ್ಕದಲ್ಲಿ ಒಟ್ಟದೆ ಮನೆಯಿಂದ ದೂರವಿರಿಸುವುದು ಲೇಸು. ದನಗಳ ಮೈಮೇಲಿನ ಉಣ್ಣೆಗೆ ಪಶುವೈದ್ಯರು ಹೇಳುವ ಔಷಧಿಯನ್ನು ಹಾಕಿಸಬೇಕು.

ಉಣ್ಣೆ ಕಚ್ಚಿಕೊಂಡಿದ್ದರೆ ಅದಕ್ಕೆ ಸೀಮೆಎಣ್ಣೆ ಸುರಿಯುವುದು, ಬೀಡಿಯ ಕಿಡಿ ತಾಗಿಸುವುದು, ಸುಣ್ಣ ಹಚ್ಚುವುದು ನಮ್ಮಲ್ಲಿ ರೂಢಿಯಲ್ಲಿದೆ. ಇವಾವುವೂ ಒಳ್ಳೆಯದಲ್ಲ. ಹಿಂಸೆಗೊಂಡ ಉಣ್ಣೆಯು ತನ್ನ ಹೊಟ್ಟೆಯಲ್ಲಿರುವುದನ್ನೂ ಜೊಲ್ಲನ್ನೂ ಗಾಯದೊಳಕ್ಕೆ ಇನ್ನಷ್ಟು ಕಾರಬಹುದು. ಸಣ್ಣ ಮೊನೆಯ ಚಿಮಟಿಗೆಯಿಂದ ಅದನ್ನು ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆದು ತೆಗೆಯಬೇಕು. ಉಗುರುಗಳ ನಡುವೆ ಹಿಸುಕಿ ಚಟ್ಟೆನಿಸುವ ಹುಡುಗಾಟಿಕೆಯನ್ನು ಬಿಡಬೇಕು. ಆ ರಕ್ತದಲ್ಲಿಯೇ ವಿಷಾಣುವಿರುತ್ತದೆ. ತೆಗೆದ ಮೇಲೆ ಗಾಯವನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆದು, ಆ ದಿನದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ಆ ಗುರುತೇ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು.

ಕೊನೆಯದಾಗಿ ಸತ್ತ ಮಂಗದ ವಿಷಯ. ಹಾಡಿಯಲ್ಲಾಗಲಿ ತೋಟದಲ್ಲಾಗಲಿ ಮಂಗ ಸತ್ತಿರುವುದನ್ನು ಕಂಡ ವಿದ್ಯಾರ್ಥಿಯು ಹತ್ತಿರ ಹೋಗದೆ, ಕೋಲಿನಿಂದಲೂ ಕದಲಿಸದೆ, ಹಿರಿಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಆಶಾ ಕಾರ್ಯಕರ್ತೆಗೋ, ಗ್ರಾಮ ಪಂಚಾಯತಿಗೋ, ಅರಣ್ಯ ರಕ್ಷಕರಿಗೋ ಅದೇ ದಿನ ಸುದ್ದಿ ಮುಟ್ಟಿಸಬೇಕು. ಹೆಣ ಹಳತಾದಷ್ಟೂ ಪರೀಕ್ಷೆಗೆ ನಿರುಪಯುಕ್ತವಾಗುತ್ತದೆ. ಪಶುವೈದ್ಯರು ರಕ್ಷಣೆಯ ಉಡುಪು ತೊಟ್ಟು ಬಂದು ಅಂಗಾಂಶದ ಮಾದರಿಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ಹೆಣವನ್ನು ಸುಡುತ್ತಾರೆ. ಅದು ಬಿದ್ದಿದ್ದ ಎಡೆಯ ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಪುಡಿಯನ್ನು ಎರಚುತ್ತಾರೆ. ಪುಡಿ ಎರಚಿದ ಆ ಬಿಳಿಯ ನೆಲದ ಕಡೆಗೆ ದನಗಳನ್ನು ಮೇಯಲು ಬಿಡಬಾರದು. ಆ ಬೇಸಗೆ ಕಳೆಯುವವರೆಗೆ ಅಲ್ಲಿಯ ತರಗೆಲೆಯನ್ನು ಗುಡಿಸಲೂಬಾರದು.